ಮೂರು ಸಂಪುಟದ ಟಿಪ್ಪು, ಸುರಪುರದ ಅಪ್ಪ: ಮೆಡೋಸ್ ಟೇಲರ್ ಎಂಬ ಕಾದಂಬರಿಕಾರನ ಕಥೆ

ಮೈಸೂರಿನ ನಜರ್‌ಬಾದ್ ಅಂದರೆ ಇವತ್ತಿಗೆ ಮೈಲಾರಿ ದೋಸೆ, ಪೊಲೀಸ್ ಕಮಿಷನರ್ ಕಚೇರಿ, ಕಾರಂಜಿ ಕೆರೆಗೆ ಹೋಗುವ ದಾರಿ. ಆ ಹೆಸರಿನ ಹಿಂದೆ ಇರುವವನು ಟಿಪ್ಪು ಸುಲ್ತಾನ್. 1780ರ ದಶಕದ ಕೊನೆಗೆ ಆತ ಮೈಸೂರಿನ ಹಳೇ ಕೋಟೆಯನ್ನು ಕೆಡವಿಸಿ, ಅದೇ ಕಲ್ಲುಗಳನ್ನು ಹತ್ತಿರದ ದಿಬ್ಬಕ್ಕೆ ಹೊರಿಸಿ, ಅಲ್ಲಿ ಹೊಸ ಕೋಟೆ ಎಬ್ಬಿಸಲು ಹೊರಟ. ಅದೇ ನಜರ್‌ಬಾದ್. ಕೆಲಸ ಪೂರ್ತಿಯಾಗಲಿಲ್ಲ. 1799ರಲ್ಲಿ ಟಿಪ್ಪು ಸತ್ತ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಮೈಸೂರಿಗೆ ಮತ್ತೆ ಕೋಟೆ ಬೇಕಾಯಿತು. ನಜರ್‌ಬಾದಿನ ಕಲ್ಲುಗಳು ಬಂದ ದಾರಿಯಲ್ಲೇ ವಾಪಸ್ ಹೋದವು. ಕೆಲವೇ ವರ್ಷಗಳಲ್ಲಿ ಅದೇ ನಜರ್‌ಬಾದಿನಲ್ಲಿ ಬ್ರಿಟಿಷ್ ರೆಸಿಡೆಂಟರಿಗೆ ದೊಡ್ಡ ಮನೆ ಎದ್ದಿತು. ಅದನ್ನೇ ನಾವೀಗ ಸರ್ಕಾರಿ ಭವನ ಅಂತ ಕರೆಯುವುದು.

ಕಲ್ಲು ಊರಲ್ಲೇ ಉಳಿಯಿತು, ಟಿಪ್ಪುವಿನ ಕಥೆ ಮಾತ್ರ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಮೈಸೂರಿನಲ್ಲಿ ಮಾರ್ಕ್ ವಿಲ್ಕ್ಸ್ ರೆಸಿಡೆಂಟ್ ಆಗಿದ್ದವನು. ಅವನ ಇತಿಹಾಸ ಗ್ರಂಥದ ಮೊದಲ ಸಂಪುಟ 1810ರಲ್ಲಿ ಬಂತು. ಅದಾದ ಮೇಲೆ ಕಾದಂಬರಿಕಾರರ ಸರದಿ. 1827ರಲ್ಲಿ ವಾಲ್ಟರ್ ಸ್ಕಾಟ್‌ನ ‘ದಿ ಸರ್ಜನ್ಸ್ ಡಾಟರ್’. ಅದರಲ್ಲಿ ಹೈದರ್, ಟಿಪ್ಪು ಇಬ್ಬರೂ ಬರುತ್ತಾರೆ. 1840ರಲ್ಲಿ ಮೆಡೋಸ್ ಟೇಲರ್‌ನ ‘ಟಿಪ್ಪೂ ಸುಲ್ತಾನ್’. 1868ರಲ್ಲಿ ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’. ಇಂಗ್ಲಿಷಿನ ಪತ್ತೇದಾರಿ ಕಾದಂಬರಿಯ ಮೊದಲ ದೊಡ್ಡ ಹೆಸರು ಇದು, ಶುರುವಾಗುವುದೇ ಶ್ರೀರಂಗಪಟ್ಟಣದ ಲೂಟಿಯಿಂದ. 1874–75ರಲ್ಲಿ ಜೂಲ್ಸ್ ವರ್ನ್‌ನ ‘ನಿಗೂಢ ದ್ವೀಪ’. ಅದರ ಕ್ಯಾಪ್ಟನ್ ನೆಮೋ ಟಿಪ್ಪುವಿನ ಸಂಬಂಧಿ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ. ಶತಮಾನ ಮುಗಿಯುವ ಹೊತ್ತಿಗೆ ಹೆಂಟಿಯ ‘ದಿ ಟೈಗರ್ ಆಫ್ ಮೈಸೂರ್’, ಇಂಗ್ಲೆಂಡಿನ ಶಾಲಾ ಹುಡುಗರಿಗೆ ಬಹುಮಾನ ಕೊಡಲು ಹೇಳಿ ಮಾಡಿಸಿದಂಥ ಚಿತ್ರದ ರಟ್ಟಿನ ಪುಸ್ತಕ.

ಹಳೇ ಕಾದಂಬರಿಗಳ ಮೊದಲ ಮುದ್ರಣ ಸಂಗ್ರಹಿಸುವ ಹುಚ್ಚಿರುವ ಮೈಸೂರಿನವರಿಗೆ ಇದಕ್ಕಿಂತ ಒಳ್ಳೇ ಕಪಾಟು ಸಿಗುವುದು ಕಷ್ಟ. ಐದು ಪುಸ್ತಕ, ಐದೂ ಹತ್ತೊಂಬತ್ತನೇ ಶತಮಾನದವು, ಐದರಲ್ಲೂ ನಮ್ಮೂರು. ಆದರೆ ಈ ಐವರಲ್ಲಿ ಸ್ಕಾಟ್ ಭಾರತಕ್ಕೆ ಕಾಲಿಟ್ಟವನಲ್ಲ, ಕಾಲಿನ್ಸ್ ಕೂಡ ಅಲ್ಲ. ಕನ್ನಡದ ನೆಲದಲ್ಲಿ ವರ್ಷಗಟ್ಟಲೆ ಬದುಕಿ, ಇಲ್ಲಿನ ಬಿಸಿಲು, ಜ್ವರ, ಜಗಳ ಎಲ್ಲವನ್ನೂ ಮೈಮೇಲೆ ಎಳೆದುಕೊಂಡವನು ಟೇಲರ್ ಒಬ್ಬನೇ. ಸುರಪುರದ ಕಡೆ ಈತನ ಹೆಸರು ಹೇಳಿದರೆ ಇವತ್ತಿಗೂ ಪರಿಚಯ ಬೇಕಿಲ್ಲ. ಮೈಸೂರು ಕಡೆ ಮಾತ್ರ ಈತ ಯಾರೆಂದು ಹೇಳಬೇಕಾಗುತ್ತದೆ. ವಿಚಿತ್ರ ಅಲ್ವಾ, ಪುಸ್ತಕ ಬರೆದದ್ದು ನಮ್ಮ ಟಿಪ್ಪು ಬಗ್ಗೆ.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ಅಂದರೆ ಟಿಪ್ಪು ಸತ್ತು ಒಂಬತ್ತು ವರ್ಷದ ಮೇಲೆ. ಅಪ್ಪ ವ್ಯಾಪಾರಿ, ವ್ಯಾಪಾರ ಕೈಕೊಟ್ಟಿತ್ತು. ಹುಡುಗನನ್ನು ಹದಿನೈದನೇ ವಯಸ್ಸಿಗೇ ಬೊಂಬಾಯಿಯ ಒಬ್ಬ ವ್ಯಾಪಾರಿಯ ಬಳಿ ಗುಮಾಸ್ತಿಕೆಗೆ ಕಳಿಸಿದರು, ದೊಡ್ಡವನಾದ ಮೇಲೆ ಪಾಲುದಾರಿಕೆ ಕೊಡುತ್ತಾರೆ ಅಂತ ಭರವಸೆ. ಬಂದು ನೋಡಿದರೆ ಆ ವ್ಯಾಪಾರಿಯೇ ಸಾಲದಲ್ಲಿದ್ದ. ಬೊಂಬಾಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನೆಂಟನೊಬ್ಬನ ದಯೆಯಿಂದ 1824ರ ಕೊನೆಗೆ ಹೈದರಾಬಾದ್ ನಿಜಾಮನ ಸೇನೆಯಲ್ಲಿ ಒಂದು ಕೆಲಸ ಸಿಕ್ಕಿತು.

ಈ ನಿಜಾಮನ ಸೇನೆ ಅನ್ನುವುದನ್ನು ಗಮನಿಸಿ. ಟೇಲರ್ ಕಂಪನಿಯ ಖಾಸಾ ಸೇನೆಯ ಅಧಿಕಾರಿಯಾಗಿರಲಿಲ್ಲ. ಕಂಪನಿ ಅಧಿಕಾರಿಗಳ ಕಣ್ಣಲ್ಲಿ ಈತ ಎರಡನೇ ದರ್ಜೆಯವನು. ಬಡ್ತಿ, ಪಿಂಚಣಿ, ಮರ್ಯಾದೆ ಎಲ್ಲದರಲ್ಲೂ ಒಂದು ಮೆಟ್ಟಿಲು ಕೆಳಗೆ. ಈ ಕೊರಗು ಬದುಕಿಡೀ ಹೋಗಲಿಲ್ಲ. ಅದರಿಂದ ಒಂದು ಲಾಭವೂ ಆಯಿತು: ಭಾಷೆ ಕಲಿತ, ಜನರ ಜೊತೆ ಕೂತ, ಚಿಕ್ಕ ವಯಸ್ಸಿಗೇ ಪೊಲೀಸ್ ಕೆಲಸಕ್ಕೆ ಹೋಗಿ ಸಂತೆ, ಜಾತ್ರೆ, ಗಡಿ ಹಳ್ಳಿಗಳನ್ನೆಲ್ಲ ಕುದುರೆ ಮೇಲೆ ಸುತ್ತಿದ. 1832ರಲ್ಲಿ ಮದುವೆಯಾದದ್ದು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು. ಪಾಮರ್‌ನ ತಾಯಿ ಫೈಜ್ ಬಕ್ಷ್ ಬೇಗಂ, ಅಂದರೆ ಟೇಲರ್‌ನ ಹೆಂಡತಿಯ ಅಜ್ಜಿ ಮುಸ್ಲಿಂ ಮನೆತನದ ಹೆಣ್ಣುಮಗಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮೊದಲ ಪುಸ್ತಕ. 1830ರ ದಶಕದಲ್ಲಿ ಕಂಪನಿ ಸರ್ಕಾರ ಠಗ್ಗರ ಬೇಟೆಗೆ ಇಳಿದಿತ್ತು. ವಿಲಿಯಂ ಸ್ಲೀಮನ್ ಅದರ ಮುಂದಾಳು. ಸಿಕ್ಕಿಬಿದ್ದವರಲ್ಲಿ ಕೆಲವರನ್ನು ಮಾಫಿ ಸಾಕ್ಷಿ ಮಾಡಿಕೊಂಡು, ಅವರ ಬಾಯಿಂದ ಉಳಿದವರ ಹೆಸರು ತೆಗೆಸುವುದು ಪದ್ಧತಿ. ನಿಜಾಮನ ಸೀಮೆಯಲ್ಲಿ ಇಂಥ ಹೇಳಿಕೆಗಳನ್ನು ಬರೆದುಕೊಂಡವರಲ್ಲಿ ಟೇಲರ್ ಒಬ್ಬ. 1836ರಲ್ಲಿ ಒಂದು ಕಾಯ್ದೆ ಬಂತು: ಕೊಲೆ ಮಾಡಿದ್ದು ರುಜುವಾಗಬೇಕಿಲ್ಲ, ಠಗ್ಗರ ಗುಂಪಿಗೆ ಸೇರಿದವನು ಅಂತ ಸಾಬೀತಾದರೆ ಸಾಕು, ಜೀವಾವಧಿ ಶಿಕ್ಷೆ. ಯುಎಪಿಎ ಬಗ್ಗೆ ಓದಿದವರಿಗೆ ಈ ತರ್ಕ ಎಲ್ಲೋ ಕೇಳಿದ ಹಾಗನಿಸಿದರೆ ತಪ್ಪಲ್ಲ.

ಆ ಹೇಳಿಕೆಗಳನ್ನೇ ಕಚ್ಚಾ ಮಾಲು ಮಾಡಿಕೊಂಡು ಟೇಲರ್ ‘ಕನ್ಫೆಷನ್ಸ್ ಆಫ್ ಎ ಠಗ್’ ಬರೆದ. ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ, 1839ರಲ್ಲಿ, ಲಂಡನ್ನಿನ ರಿಚರ್ಡ್ ಬೆಂಟ್ಲಿ ಅದನ್ನು ಮೂರು ಸಂಪುಟದಲ್ಲಿ ಪ್ರಕಟಿಸಿದ. ಅಮೀರ್ ಅಲಿ ಎಂಬ ಠಗ್ ಬಿಳಿಯ ಸಾಹೇಬನ ಮುಂದೆ ಕೂತು, ತಾನು ಮಾಡಿದ 719 ಕೊಲೆಗಳ ಕಥೆಯನ್ನು ನಿರಾಳವಾಗಿ ಹೇಳುತ್ತಾ ಹೋಗುತ್ತಾನೆ. ಪುಸ್ತಕ ಭರ್ಜರಿಯಾಗಿ ಓಡಿತು. ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ವಿಕ್ಟೋರಿಯಾ ರಾಣಿ, ಅಚ್ಚಿನ ಕರಡು ಹಾಳೆಗಳನ್ನೇ ತರಿಸಿಕೊಂಡು ಓದಿದಳು ಅಂತ ಪ್ರತೀತಿ.

ಠಗ್ಗರು ಎಷ್ಟು ನಿಜ, ಎಷ್ಟು ಕಂಪನಿಯ ಕಲ್ಪನೆ ಅನ್ನುವುದರ ಮೇಲೆ ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ದಾರಿಗಳ್ಳರು ಇದ್ದರು, ಕೊಲೆ ನಡೆಯುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ದೇಶದುದ್ದಕ್ಕೂ ಹಬ್ಬಿದ, ಕಾಳಿಗೆ ನರಬಲಿ ಕೊಡುವ, ಹುಟ್ಟಿನಿಂದಲೇ ಕೊಲೆಗಡುಕರಾದ ಒಂದು ಗುಪ್ತ ಪಂಗಡ ಅನ್ನುವ ಚಿತ್ರ ಇದೆಯಲ್ಲ, ಅದನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿದ್ದರಲ್ಲಿ ಈ ಕಾದಂಬರಿಯ ಪಾಲು ದೊಡ್ಡದು. ಹುಟ್ಟಿನಿಂದಲೇ ಅಪರಾಧಿ ಅನ್ನುವ ಆ ಕಲ್ಪನೆ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯಾಗಿ ಮೈತಳೆಯಿತು. ಇಡೀ ಸಮುದಾಯಗಳನ್ನು ಪಟ್ಟಿ ಮಾಡಿ ಹಾಜರಿ ಹಾಕಿಸಿದರು, ಮುಂದೆ ಬೇಲಿಯೊಳಗೆ ಕೂಡಿದರು. ಹುಬ್ಬಳ್ಳಿಯ ಸೆಟಲ್‌ಮೆಂಟ್ ಅಂತಹ ಬೇಲಿಯ ಜಾಗ. ಆ ಪಟ್ಟಿಯಿಂದ ಅವರಿಗೆ ಬಿಡುಗಡೆ ಸಿಕ್ಕಿದ್ದು 1952ರ ಆಗಸ್ಟ್ 31ಕ್ಕೆ. ಒಂದು ಕಾದಂಬರಿಯ ತಲೆಗೆ ಇದನ್ನೆಲ್ಲ ಕಟ್ಟುವುದು ಅನ್ಯಾಯ, ನಿಜ. ಪೂರ್ತಿ ಬಿಟ್ಟುಬಿಡುವುದೂ ಸರಿಯಲ್ಲ.

ಮೊದಲ ಪುಸ್ತಕ ಗೆದ್ದ ಬಿಸಿಯಲ್ಲೇ ಎರಡನೆಯದು: ‘ಟಿಪ್ಪೂ ಸುಲ್ತಾನ್, ಎ ಟೇಲ್ ಆಫ್ ದಿ ಮೈಸೂರ್ ವಾರ್’. ಅದೇ ಬೆಂಟ್ಲಿ, ಅದೇ ಮೂರು ಸಂಪುಟ, 1840. ಟೇಲರ್ ಇದನ್ನು ಬರೆದದ್ದು ರಜೆಯಲ್ಲಿ, ಇಂಗ್ಲೆಂಡಿನಲ್ಲಿ ಕೂತು. ನಾಯಕ ಕಾಸಿಂ ಅಲಿ ಎಂಬ ದಖನ್ನಿನ ಪಟೇಲರ ಹುಡುಗ, ಟಿಪ್ಪುವಿನ ಸೇನೆ ಸೇರುತ್ತಾನೆ. ಇನ್ನೊಂದು ಎಳೆಯಲ್ಲಿ ಸೆರೆಸಿಕ್ಕ ಇಂಗ್ಲಿಷ್ ತರುಣ. ಮುಸ್ಲಿಮರೆಲ್ಲ ಕೆಟ್ಟವರು ಅನ್ನುವ ಪುಸ್ತಕ ಇದಲ್ಲ. ಕಾಸಿಂ ನಿಷ್ಠಾವಂತ, ಧೀರ, ಓದುಗರು ಪ್ರೀತಿಸುವ ಪಾತ್ರ. ಆದರೆ ಟಿಪ್ಪು? ಕನಸು ಶಕುನಗಳ ಹಿಂದೆ ಓಡುವವನು, ಕ್ಷಣಕ್ಕೊಂದು ಮನಸ್ಸು, ಕೈದಿಗಳ ಮೇಲೆ ಕ್ರೂರಿ. ಒಳ್ಳೆಯ ಆಳು, ಕೆಟ್ಟ ಒಡೆಯ ಎನ್ನುವ ಹೂಡಿಕೆ. ಅಂಥ ರಾಜ್ಯವನ್ನು ಕೆಡವಿದ್ದು ಪ್ರಜೆಗಳಿಗೇ ಉಪಕಾರ ಅಂತ ಓದುಗನಿಗೆ ತಾನಾಗಿ ಅನಿಸಬೇಕು. ಇತಿಹಾಸ ಗ್ರಂಥ ಇದನ್ನು ವಾದ ಮಾಡಿ ಒಪ್ಪಿಸಬೇಕಿತ್ತು. ಕಾದಂಬರಿಗೆ ಆ ಕಷ್ಟವಿಲ್ಲ, ಒಂದು ಪ್ರೇಮಕಥೆಯ ಜೊತೆ ಸೇರಿಸಿ ಕುಡಿಸಿಬಿಡುತ್ತದೆ.

2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿ, 2019ರಲ್ಲಿ ಇನ್ನೊಂದು ಸರ್ಕಾರ ರದ್ದು ಮಾಡಿದ ನಡುವೆ ಟಿಪ್ಪು ಬಗ್ಗೆ ಎಷ್ಟು ಕಿರುಚಾಟ ನಡೆಯಿತೋ ಲೆಕ್ಕವಿಲ್ಲ. ಆಗ ಹಾರಾಡಿದ ಎಷ್ಟೋ ಚಿತ್ರಗಳ ವಂಶಾವಳಿ ಹುಡುಕಿಕೊಂಡು ಹೊರಟರೆ ವಿಲ್ಕ್ಸ್, ಟೇಲರ್ ಇಂಥವರ ಮನೆ ಬಾಗಿಲಿಗೇ ಬರಬೇಕು.

ಇನ್ನು ಸಂಗ್ರಹಕಾರರ ಲೆಕ್ಕ. ಆ ಕಾಲದಲ್ಲಿ ಮೂರು ಸಂಪುಟದ ಹೊಸ ಕಾದಂಬರಿಯ ಮಾಮೂಲು ಬೆಲೆ 31 ಶಿಲಿಂಗ್ 6 ಪೆನ್ಸ್. ಇಂಗ್ಲೆಂಡಿನ ಹೊಲದ ಕೂಲಿಯವನ ವಾರದ ಸಂಪಾದನೆ ಹತ್ತು ಶಿಲಿಂಗ್ ಆಸುಪಾಸು. ಅಂದರೆ ಮೂರು ವಾರದ ದುಡಿಮೆಗೆ ಒಂದು ಕಥೆ. ಹಾಗಾಗಿ ಕೊಳ್ಳುವವರು ಕಡಿಮೆ, ಬಾಡಿಗೆಗೆ ತಂದು ಓದುವವರೇ ಎಲ್ಲ. 1842ರಲ್ಲಿ ಶುರುವಾದ ಮೂಡೀಸ್ ಲೈಬ್ರರಿ ವರ್ಷಕ್ಕೆ ಒಂದು ಗಿನಿ ಚಂದಾ ತೆಗೆದುಕೊಂಡು ಪುಸ್ತಕ ಕೊಡುತ್ತಿತ್ತು. ಒಂದು ಕಥೆಯನ್ನು ಮೂರು ತುಂಡು ಮಾಡಿದರೆ ಮೂವರು ಚಂದಾದಾರರಿಗೆ ಒಂದೇ ಹೊತ್ತಿಗೆ ಹಂಚಬಹುದು. ಈ ಏರ್ಪಾಡು 1894ರವರೆಗೆ ನಡೆಯಿತು, ಆಮೇಲೆ ಎರಡೇ ವರ್ಷಗಳಲ್ಲಿ ಹೆಚ್ಚುಕಡಿಮೆ ಸತ್ತೇ ಹೋಯಿತು. ಕೈಯಿಂದ ಕೈಗೆ ಓಡಾಡಿದ ಆ ಪ್ರತಿಗಳು ಹರಿದವು, ರದ್ದಿಗೆ ಹೋದವು. ಉಳಿದವನ್ನು ಮಾಲೀಕರು ಚರ್ಮದ ರಟ್ಟು ಹಾಕಿಸಿ ಹೊಸದಾಗಿ ಕಟ್ಟಿಸಿದರು. ಹಾಗೆ ಕಟ್ಟಿಸುವಾಗ ಹಿಂದಿನ ಜಾಹೀರಾತಿನ ಹಾಳೆ, ಮುಂದಿನ ಅರ್ಧ ಶೀರ್ಷಿಕೆಯ ಹಾಳೆ ಕಸದ ಬುಟ್ಟಿಗೆ. ಇವತ್ತು ಸಂಗ್ರಹಕಾರರು ಹುಡುಕುವುದು ಆ ಕಸದ ಬುಟ್ಟಿಗೆ ಹೋದ ಹಾಳೆಗಳನ್ನೇ. ಮೂರೂ ಸಂಪುಟ ಇದೆಯಾ, ಮೂಲ ರಟ್ಟು ಇದೆಯಾ, ಬೆನ್ನಿನ ಮೇಲಿನ ಚೀಟಿ ಉಳಿದಿದೆಯಾ, ಜಾಹೀರಾತಿನ ಹಾಳೆ ಇದೆಯಾ. ಇಂಥ ಪ್ರಶ್ನೆಗಳನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದವನು ಮೈಕಲ್ ಸ್ಯಾಡ್ಲಿಯರ್, 1951ರಲ್ಲಿ ಎರಡು ಸಂಪುಟದ ಯಾದಿಯನ್ನೇ ಪ್ರಕಟಿಸಿದ. ಅವನ ಪುಸ್ತಕಗಳು ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯ ಸೇರಿದವು.

ಹೊಸಬರಿಗೆ ಒಂದು ಮಾತು. 1840ರ ಪುಸ್ತಕ 1890ರ ಪುಸ್ತಕಕ್ಕಿಂತ ಬೆಳ್ಳಗಿದ್ದರೆ ಗಾಬರಿಯಾಗಬೇಡಿ, ಅದು ನಕಲಿ ಅಲ್ಲ. ಆಗ ಕಾಗದ ಮಾಡುತ್ತಿದ್ದದ್ದು ಹಳೇ ಬಟ್ಟೆ ಚಿಂದಿಯಿಂದ, ಅದು ಬಾಳುತ್ತದೆ. ಶತಮಾನದ ಕೊನೆಗೆ ಮರದ ತಿರುಳಿನ ಅಗ್ಗದ ಕಾಗದ ಬಂತು. ಅದು ತನ್ನೊಳಗಿನ ಆಮ್ಲಕ್ಕೇ ಕಂದಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ನಮ್ಮ ಕಡೆಯ ಹಳೇ ಪುಸ್ತಕದ ರಾಶಿಯಲ್ಲಿ ಟೇಲರ್ ಸಿಕ್ಕಿದರೂ ಅದು ಹೆಚ್ಚಾಗಿ ಕೆಗನ್ ಪಾಲ್ ಸಂಸ್ಥೆ ಆಮೇಲೆ ತಂದ ಒಂದೇ ಸಂಪುಟದ ಮುದ್ರಣ. ಸಂಗ್ರಹಕಾರರಿಗೆ ಅದು ಬೇಡ. ಓದುವವರಿಗೆ ಧಾರಾಳ ಸಾಕು.

ಸಂಗ್ರಹಕಾರರು ಟೇಲರ್‌ನಲ್ಲಿ ಮೊದಲು ಹುಡುಕುವುದು 1839ರ ಠಗ್ಗನನ್ನು, ಆಮೇಲೆ 1840ರ ಟಿಪ್ಪುವನ್ನು. ನನ್ನ ತಕರಾರು ಇರುವುದು ಇಲ್ಲೇ. ಟೇಲರ್‌ನ ಬದುಕು ಶುರುವಾಗುವುದು ಈ ಎರಡು ಪುಸ್ತಕ ಆದ ಮೇಲೆ.

1841ರಲ್ಲಿ, ಮೂವತ್ತಮೂರರ ವಯಸ್ಸಿಗೆ, ಆತನನ್ನು ಸುರಪುರಕ್ಕೆ ಕಳಿಸಿದರು. ಕೃಷ್ಣಾ ಭೀಮಾ ನದಿಗಳ ನಡುವಿನ ಬೇಡರ ಸಂಸ್ಥಾನ. ನಿಜಾಮನಿಗೆ ಕಪ್ಪ ಬಾಕಿ, ಎಲ್ಲ ಕಡೆ ಸಾಲ, ಅರಮನೆಯಲ್ಲಿ ಜಗಳ. ರಾಜ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ಅಧಿಕಾರ ಹುಡುಗನ ತಾಯಿ ರಾಣಿ ಈಶ್ವರಮ್ಮನಿಗೋ, ಚಿಕ್ಕಪ್ಪ ಪಿಡ್ಡ ನಾಯಕನಿಗೋ? ಟೇಲರ್ ಚಿಕ್ಕಪ್ಪನ ಪರ ನಿಂತ. ತನ್ನ ಆತ್ಮಕಥೆಯಲ್ಲಿ ಈಶ್ವರಮ್ಮನನ್ನು ಆತ ಚಿತ್ರಿಸಿರುವ ರೀತಿ ನೋಡಿದರೆ, ಅಧಿಕಾರ ಬಿಟ್ಟುಕೊಡದ ಹೆಂಗಸಿನ ಚಾರಿತ್ರ್ಯದ ಮೇಲೆ ಮಾತಾಡುವ ಚಾಳಿ ಎಷ್ಟು ಹಳೆಯದು ಅಂತ ಗೊತ್ತಾಗುತ್ತದೆ. ರಾಣಿಯ ಕಡೆಯ ಕಥೆ ಪುಸ್ತಕವಾಗಿ ಬಂದಿಲ್ಲ, ಅದಕ್ಕೆ ಮೊದಲ ಮುದ್ರಣವೂ ಇಲ್ಲ.

ಹನ್ನೆರಡು ವರ್ಷ ಆತ ಸುರಪುರ ಆಳಿದ. ಆಳಿದ ಅಂತಲೇ ಹೇಳಬೇಕು, ಸಲಹೆಗಾರನ ಹೆಸರಿನಲ್ಲಿ ದೊರೆ ಆತನೇ. ಸಾಲ ತೀರಿಸಿದ, ಕಂದಾಯ ಸರಿಮಾಡಿದ, ಬೋನಾಳದ ಕೆರೆ ದೊಡ್ಡದು ಮಾಡಿಸಿದ, ಗುಡ್ಡದ ಮೇಲೆ ತನಗೊಂದು ಮನೆ ಕಟ್ಟಿಕೊಂಡ. ಅದೇ ಟೇಲರ್ ಮಂಜಿಲ್, ಇವತ್ತಿಗೂ ಇದೆ. ಹೆಂಡತಿ ಮೇರಿ ಈ ಅವಧಿಯಲ್ಲೇ ತೀರಿಕೊಂಡಳು. ಆತ ಮತ್ತೆ ಮದುವೆಯಾಗಲಿಲ್ಲ. ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ. ಒಂಟಿತನಕ್ಕೆ ಮದ್ದಾಗಿ ಚಿತ್ರ ಬರೆದ, ಲಂಡನ್ನಿನ ‘ಟೈಮ್ಸ್’ಗೆ ವರದಿ ಕಳಿಸಿದ, ಗುಡ್ಡಬೆಟ್ಟ ಸುತ್ತಿದ. ರಾಜನಕೋಳೂರಿನ ಕಲ್ಗೋರಿಗಳನ್ನು ಅಳೆದು ಬರೆದಿಟ್ಟವನು ಈತ. ಜೇವರ್ಗಿಯಲ್ಲಿ ಗೋರಿಗಳನ್ನು ಅಗೆಸಿ, ಮಣ್ಣಿನ ಪದರ, ಮೂಳೆ, ಮಡಕೆ ಎಲ್ಲಿ ಹೇಗಿತ್ತು ಅಂತ ನಕ್ಷೆ ತೆಗೆದ. ಭಾರತೀಯ ಪುರಾತತ್ವಕ್ಕೆ ಇನ್ನೂ ಇಲಾಖೆಯೇ ಇಲ್ಲದ ಕಾಲದಲ್ಲಿ ಮಾಡಿದ ಕೆಲಸ ಅದು. ಜನ ಆತನನ್ನು ಮಹಾದೇವ ಬಾಬಾ ಅಂತ ಕರೆದರು. ಹುಡುಗ ರಾಜ ಅಪ್ಪ ಅಂತ ಕರೆದ.

1853ರಲ್ಲಿ ವೆಂಕಟಪ್ಪ ನಾಯಕನಿಗೆ ಅಧಿಕಾರ ವಹಿಸಿಕೊಟ್ಟು ಟೇಲರ್ ನಳದುರ್ಗಕ್ಕೆ ವರ್ಗವಾಗಿ ಹೋದ. ಐದೇ ವರ್ಷ. 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಲು ಒಲ್ಲದೆ ಹಲಗಲಿಯ ಬೇಡರು ತಿರುಗಿಬಿದ್ದರು, ಆ ಕಥೆ ನಮಗೆ ಲಾವಣಿಯಲ್ಲಿ ಗೊತ್ತು. 1858ರ ಫೆಬ್ರುವರಿಯಲ್ಲಿ ಸುರಪುರ ಎದ್ದಿತು. ಕ್ಯಾಪ್ಟನ್ ನ್ಯೂಬೆರಿ ಸತ್ತ. ಸೈನ್ಯ ಬರುತ್ತಿದ್ದಂತೆ ವೆಂಕಟಪ್ಪ ಹೈದರಾಬಾದಿಗೆ ಹೋದ, ಅಲ್ಲಿ ಸಿಕ್ಕಿಬಿದ್ದ. ಆಗ ಅವನಿಗೆ ಇಪ್ಪತ್ತನಾಲ್ಕರ ಆಸುಪಾಸು.

ಸೆರೆಮನೆಗೆ ಟೇಲರ್ ಹೋಗಿ ನೋಡಿದ. ಇದನ್ನು ಟೇಲರ್ ತಾನೇ ಬರೆದಿದ್ದಾನೆ. ಹುಡುಗ ಓಡಿಬಂದು ತಬ್ಬಿಕೊಂಡು ಅತ್ತ. ರೆಸಿಡೆಂಟನಿಗೆ ಬೇಕಿದ್ದದ್ದು ಹೆಸರುಗಳು: ನಿನ್ನನ್ನು ಎತ್ತಿಕಟ್ಟಿದವರು ಯಾರು, ಹೇಳಿದರೆ ಪ್ರಾಣ ಉಳಿಯಬಹುದು. ಠಗ್ಗರ ಬಾಯಿಂದ ಹೆಸರು ತೆಗೆಸಿದ ಅನುಭವ ಇದ್ದ ಟೇಲರ್ ಕೇಳಿಯೇ ಕೇಳಿದ. ವೆಂಕಟಪ್ಪ ಹೇಳಲಿಲ್ಲ. ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ಬೇಕಾದರೆ ಫಿರಂಗಿ ಬಾಯಿಗೆ ಕಟ್ಟಿ ಹಾರಿಸಿ ಅನ್ನುವುದಷ್ಟೇ ಅವನ ಕೇಳಿಕೆ. ಇಪ್ಪತ್ತು ವರ್ಷದ ಹಿಂದೆ ಸಾಹೇಬನ ಮುಂದೆ ಬಾಯಿಬಿಡುವ ಕೈದಿಯ ಮೇಲೆ ಇಡೀ ಕಾದಂಬರಿ ಕಟ್ಟಿದವನ ಮುಂದೆ, ಅಪ್ಪ ಅಂತ ಕರೆಯುವ ಕೈದಿಯೊಬ್ಬ ಬಾಯಿಬಿಡದೆ ಕೂತಿದ್ದ.

ಮರಣದಂಡನೆ ಗಡೀಪಾರಾಯಿತು, ಗಡೀಪಾರು ಕೊನೆಗೆ ಚೆಂಗಲಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಯಾಯಿತು. 1858ರ ಮೇ ತಿಂಗಳಲ್ಲಿ ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲು ತೆಗೆದುಕೊಂಡು ತಾನೇ ಗುಂಡು ಹಾರಿಸಿಕೊಂಡ ಅಂತ ಅಧಿಕೃತ ಕಥೆ. ಈ ಹುಡುಗ ಇಪ್ಪತ್ತನಾಲ್ಕನೇ ವರ್ಷ ದಾಟುವುದಿಲ್ಲ ಅಂತ ಜಾತಕದಲ್ಲಿ ಬರೆದಿತ್ತು, ರಾಣಿ ಅದನ್ನು ಗುಟ್ಟಾಗಿ ತನಗೆ ತೋರಿಸಿದ್ದಳು ಅಂತಲೂ ಟೇಲರ್ ಸೇರಿಸುತ್ತಾನೆ. ಟಿಪ್ಪುವಿನ ಶಕುನ ನಂಬಿಕೆಯನ್ನು ಮೂರು ಸಂಪುಟದುದ್ದಕ್ಕೂ ಎತ್ತಿ ಆಡಿದವನು ಇಲ್ಲಿ ಜಾತಕದ ಮೊರೆಹೋದ. ಕಾವಲಿನಲ್ಲಿದ್ದ ಕೈದಿಯ ಸಾವಿನ ಕಥೆ ಕಾವಲುಗಾರರ ಕಡೆಯಿಂದ ಬಂದಾಗ ಅದನ್ನು ಎಷ್ಟು ನಂಬಬೇಕು ಅನ್ನುವುದು ಈ ಕಾಲದ ಓದುಗರಿಗೆ ಹೇಳಿಕೊಡಬೇಕಾದ ಪಾಠವೇನೂ ಅಲ್ಲ.

ಟೇಲರ್‌ನ ಆತ್ಮಕಥೆಯ ಈ ಸೆರೆಮನೆ ಪುಟಗಳು ಬಹಳ ದೂರ ಪಯಣ ಮಾಡಿದವು. 1909ರಲ್ಲಿ ಸಾವರ್ಕರ್ 1857ರ ಬಗ್ಗೆ ಬರೆದ ಪುಸ್ತಕದಲ್ಲಿ ಹೆಸರು ಹೇಳದ ಈ ತರುಣ ರಾಜ ಬರುತ್ತಾನೆ, ಆಧಾರ ಟೇಲರ್‌ನ ಆತ್ಮಕಥೆಯೇ. ಟಿಪ್ಪುವನ್ನು ಕೆಡಿಸಿ ಬರೆದ ಲೇಖನಿಯೇ ಬೇಡರ ನಾಯಕನನ್ನು ಹುತಾತ್ಮನನ್ನಾಗಿ ಮಾಡಿತು. ವೆಂಕಟಪ್ಪ ಬದುಕಿದ್ದಾಗ ಆ ಲೇಖನಿ ಅವನ ನೆರವಿಗೆ ಎಷ್ಟು ಬಂತು ಅನ್ನುವುದು ಬೇರೆ ಮಾತು.

ಸುರಪುರವನ್ನು ವಶಕ್ಕೆ ತೆಗೆದುಕೊಂಡರು. ಅದನ್ನು ನೋಡಿಕೊಳ್ಳಲು ಮತ್ತೆ ಟೇಲರ್‌ನನ್ನೇ ಕಳಿಸಿದರು. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು, ಅದೇ ವರ್ಷ ಟೇಲರ್ ಆರೋಗ್ಯ ಕೆಟ್ಟು ಊರಿಗೆ ಹೋದ. ಇಪ್ಪತ್ತು ವರ್ಷ ಕಾದಂಬರಿ ಬರೆಯದೆ ಇದ್ದವನು ಮತ್ತೆ ಬರೆಯಲು ಕೂತ. 1863ಕ್ಕೆ ‘ತಾರಾ’, 1865ಕ್ಕೆ ‘ರಾಲ್ಫ್ ಡಾರ್ನೆಲ್’, 1872ಕ್ಕೆ ‘ಸೀತಾ’. ಮೂರೂ ಮೂರು ಮೂರು ಸಂಪುಟ. ಕಥೆ ನಡೆಯುವ ಕಾಲ 1657, 1757, 1857, ನೂರು ನೂರು ವರ್ಷದ ಅಂತರ.

‘ಸೀತಾ’ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1857 ಆದ ಮೇಲೆ ಇಂಗ್ಲೆಂಡಿನಲ್ಲಿ ಬಂದ ಕಾದಂಬರಿಗಳಲ್ಲಿ ಬಹುಪಾಲು ದ್ವೇಷ ಕಾರುವಂಥವು. ಅಂಥ ಹೊತ್ತಿನಲ್ಲಿ ಟೇಲರ್ ಬರೆದದ್ದು ಇಂಗ್ಲಿಷ್ ಅಧಿಕಾರಿಯೊಬ್ಬ ಹಿಂದೂ ವಿಧವೆಯನ್ನು ಮದುವೆಯಾಗುವ ಕಥೆ. ಸೀತಾ ಓದಿದವಳು, ಬುದ್ಧಿವಂತೆ, ಇಡೀ ಕಾದಂಬರಿಯಲ್ಲಿ ಎಲ್ಲರಿಗಿಂತ ಎತ್ತರದ ಪಾತ್ರ. ಹೆಂಡತಿಯ ಅಜ್ಜಿ ಫೈಜ್ ಬಕ್ಷ್ ಬೇಗಂ ಎಂದೆನಲ್ಲ, ಆ ತಲೆಮಾರಿನಲ್ಲಿ ಇಂಥ ಮದುವೆಗಳು ಅಪರೂಪವಾಗಿರಲಿಲ್ಲ. 1872ಕ್ಕೆ ಅದು ಹೇಳಿಕೊಳ್ಳುವಂಥ ವಿಷಯವಾಗಿ ಉಳಿದಿರಲಿಲ್ಲ. ಟೇಲರ್ ಬರೆದ. ಆದರೆ ಪೂರ್ತಿ ಧೈರ್ಯ ಸಾಲಲಿಲ್ಲ. ಗಂಡನನ್ನು ಉಳಿಸಲು ಹೋಗಿ ಸೀತಾ ಸಾಯುತ್ತಾಳೆ, ಅವನು ಆಮೇಲೆ ಇಂಗ್ಲಿಷ್ ಹೆಣ್ಣನ್ನು ಮದುವೆಯಾಗುತ್ತಾನೆ. ಓದುಗರಿಗೆ ಸಮಾಧಾನ, ಪ್ರಕಾಶಕನಿಗೂ ಸಮಾಧಾನ. ನನಗಂತೂ ಆ ಕೊನೆಯ ಭಾಗ ಓದುವಾಗ ಸಿಟ್ಟು ಬರುತ್ತದೆ. ಹಾಗಂತ, 1840ರಲ್ಲಿ ಟಿಪ್ಪುವನ್ನು ಬರೆದ ಕೈಯೇ ಇದನ್ನೂ ಬರೆಯಿತು ಅನ್ನುವುದನ್ನು ಮರೆಯಲಾಗುವುದಿಲ್ಲ. ನಡುವೆ ಇದ್ದದ್ದು ಸುರಪುರ.

ಮಾರುಕಟ್ಟೆಗೆ ಈ ಬದಲಾವಣೆ ಬೇಕಿಲ್ಲ. ಠಗ್ಗನ ಪುಸ್ತಕ ಮತ್ತೆ ಮತ್ತೆ ಅಚ್ಚಾಗುತ್ತಲೇ ಬಂದಿದೆ, ಅದರ ಮೊದಲ ಮುದ್ರಣಕ್ಕೆ ಪೈಪೋಟಿ. ‘ಸೀತಾ’ದ ಮೂರು ಸಂಪುಟ ಕೇಳುವವರು ಕಡಿಮೆ. ಇದು ಟೇಲರ್ ಒಬ್ಬನ ಕಥೆಯಲ್ಲ. ಮೈಸೂರು ಆಸ್ಥಾನದ ಕೆಂಪುನಾರಾಯಣ 1823ರಲ್ಲಿ ಬರೆದ ‘ಮುದ್ರಾಮಂಜೂಷ’, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1899ಕ್ಕೆ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, ಇವೂ ಹತ್ತೊಂಬತ್ತನೇ ಶತಮಾನದವೇ. ವಿಧವೆಯ ಮರುಮದುವೆಯನ್ನು ಸೀತೆಯ ಹಾಗೆ ಸಾಯಿಸಿ ಮುಗಿಸದೆ, ಬದುಕಿಸಿ ತೋರಿಸಿದ್ದು ಗುಲ್ವಾಡಿಯವರ ಇಂದಿರೆ. ಸ್ಕಾಟ್, ಕಾಲಿನ್ಸ್ ಹುಡುಕುವ ಕಣ್ಣು ನಮ್ಮ ರದ್ದಿ ರಾಶಿಯಲ್ಲಿ ಆ ಬಾಸೆಲ್ ಮಿಷನ್ ರಟ್ಟಿನ ಮೇಲೂ ಸ್ವಲ್ಪ ಹೊತ್ತು ನಿಲ್ಲಲಿ ಅನ್ನುವುದು ನನ್ನ ಆಸೆ.

ಕೊನೆಯ ವರ್ಷಗಳಲ್ಲಿ ಟೇಲರ್‌ನ ಕಣ್ಣು ಮಂಜಾಯಿತು. ಆದರೂ 1875ರಲ್ಲಿ ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಕರೆದಾಗ ಅರ್ಧ ಕುರುಡನಾಗಿಯೇ ಹಡಗು ಹತ್ತಿ ಬಂದ. ಇಲ್ಲಿ ಜ್ವರ ಹಿಡಿಯಿತು. ವಾಪಸ್ ಹೋಗುವಾಗ ದಾರಿಯಲ್ಲೇ, 1876ರ ಮೇ 13ರಂದು, ಫ್ರಾನ್ಸಿನ ಕಡಲತೀರದ ಮಾಂತೊನ್ ಊರಿನಲ್ಲಿ ತೀರಿಕೊಂಡ. ವೆಂಕಟಪ್ಪ ನಾಯಕ ಸತ್ತದ್ದೂ ಮೇ ತಿಂಗಳಲ್ಲೇ, ಹದಿನೆಂಟು ವರ್ಷ ಹಿಂದೆ. ಆತ್ಮಕಥೆಯನ್ನು ಮಗಳು ಆಲಿಸ್ ಸಂಪಾದಿಸಿ 1877ರಲ್ಲಿ ಹೊರತಂದಳು.

ಕೊನೆಯ ಕಾದಂಬರಿ ‘ಎ ನೋಬಲ್ ಕ್ವೀನ್’ ಬಂದದ್ದು 1878ರಲ್ಲಿ, ಬರೆದವನು ಸತ್ತ ಮೇಲೆ. ನಾಯಕಿ ಚಾಂದ್ ಬೀಬಿ. ಬಿಜಾಪುರ, ಮುದಗಲ್ಲು, ಕೃಷ್ಣಾ ತೀರದ ಬಂಡೆಗಳು, ಮತ್ತೆ ಬೇಡರು. ಅದೂ ಮೂರು ಸಂಪುಟ. ಆ ಕಾಲದಲ್ಲಿ ಪುಸ್ತಕದ ಹಾಳೆಗಳ ಅಂಚು ಕತ್ತರಿಸದೆ ಕಟ್ಟುವ ವಾಡಿಕೆ ಇತ್ತು, ಓದುವವರು ಚಾಕು ಹಿಡಿದು ಮಡಿಕೆ ಬಿಡಿಸಿಕೊಂಡು ಮುಂದೆ ಹೋಗಬೇಕು. ಹಾಗೆ ಒಮ್ಮೆಯೂ ಬಿಡಿಸದ ಪ್ರತಿ ಸಿಕ್ಕಿದರೆ ಸಂಗ್ರಹಕಾರರು ಕುಣಿದಾಡುತ್ತಾರೆ, ಬೆಲೆ ಏರುತ್ತದೆ. ನಿಮ್ಮ ಕೈಗೆ ಟೇಲರ್‌ನ ಅಂಥದೊಂದು ಪ್ರತಿ ಬಂದರೆ ದಯವಿಟ್ಟು ಚಾಕು ತೆಗೆದುಕೊಳ್ಳಿ.